ಕಿಟಕಿಗೆ ಬೆನ್ನು

ಹೆಣದ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಇಡುವಾಗಲೂ ಗಂಟುಮುಖನ ಹೊಟ್ಟೆಯಲ್ಲಿ ಹಳೆಯ ಕಿಚ್ಚೇ ಎದ್ದಿತು. ಸತ್ತು ಮಲಗಿದ್ದರೂ ಈ ಸೀಟಿಯ ಮುಖದಲ್ಲಿ ಒಂದು ಸುಕ್ಕಿಲ್ಲವಲ್ಲ! ಇಬ್ಬರೂ ಕ್ಷೌರಿಕರು, ಒಂದೇ ಬೀದಿ, ಒಂದೇ ವಯಸ್ಸು. ಸೀಟಿ ಹೊಡೆಯುತ್ತಾ ಕತ್ತರಿ ಆಡಿಸುತ್ತಿದ್ದವನಿಗೆ ಬೀದಿಯವರು ಪ್ರೀತಿಯಿಂದ ಆ ಹೆಸರಿಟ್ಟಿದ್ದರು. ಗಂಟುಮುಖನಿಗೆ ಇಟ್ಟ ಹೆಸರಿನಲ್ಲಿ ಪ್ರೀತಿಯ ವಾಸನೆಯೂ ಇರಲಿಲ್ಲ.

"ಅಣ್ಣಾ, ಕಿವಿ ಹತ್ರ ಸ್ವಲ್ಪ ಉಳಿದಿದೆ," ಎಂದಳು ಸೀಟಿಯ ಹೆಂಡತಿ.

"ನೋಡ್ದೆ ತಂಗಿ. ಈ ಕೆಲಸಕ್ಕೆ ಬೇರೆ ಯಾರನ್ನಾದ್ರೂ ಕರೀಬಹುದಿತ್ತು ನೀನು."

"ಯಾರನ್ನ ಕರೀಲಿ? 'ಆ ಕೈ ನಂಗಿಲ್ಲ ಕಣೇ' ಅಂತ ದಿನಾ ಇವ್ರಿಗೆ ನಿಮ್ಮದೇ ಜಪ. ಕತ್ತಿನ ಹಿಂದೆ ಗೆರೆ ಹಿಂಗೆ ಎಳೀತಾನೆ, ಮಕ್ಕಳ ತಲೆ ಹಂಗೆ ಹಿಡೀತಾನೆ... ಕೇಳಿ ಕೇಳಿ ನಂಗೇ ನಿಮ್ಮ ಮೇಲೆ ಹೊಟ್ಟೆಕಿಚ್ಚು ಬಂದಿತ್ತು."

ಗಂಟುಮುಖ ನಂಬಲಿಲ್ಲ. ಸಾವಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಒಳ್ಳೆಯ ಮಾತು ಸಿಗುತ್ತದೆ. ತನ್ನ ಅಂಗಡಿಯ ಹೊಸ್ತಿಲನ್ನೇ ತುಳಿಯದ ಸೀಟಿ ಇದನ್ನೆಲ್ಲ ಕಂಡದ್ದಾದರೂ ಯಾವಾಗ?

*

ವರ್ಷಗಳ ಹಿಂದೆ ಗಂಟುಮುಖನ ಅಂಗಡಿಯ ಎದುರಿಗೇ ಹೊಸ ಹೋಟೆಲೊಂದು ತೆರೆದಾಗ ಬೀದಿಗೆ ಬೀದಿಯೇ ಅಲ್ಲಿಗೆ ನುಗ್ಗಿತ್ತು. ನೂಡಲ್ಸಿನ ಮೇಲೆ ತೆಂಗಿನ ಹಾಲಿನ ಸಾರು, ಅದರ ಮೇಲೆ ಹುರಿದ ಮೊಟ್ಟೆ, ಪಕ್ಕದಲ್ಲಿ ಹುಳಿ ಬರಿಸಿದ ಎಲೆಕೋಸು. ಮೂರು ದೇಶ ಒಂದೇ ಬಟ್ಟಲಲ್ಲಿ, ಬೆಲೆಯೋ ಕೂಲಿಯವನಿಗೂ ಎಟುಕುವಂಥದ್ದು. ಗಂಟುಮುಖನ ಬಾಯಲ್ಲೂ ನೀರೂರಿತ್ತು. ಹೋಗೋಣವೆಂದು ಅಂಗಿ ಕೂಡ ಬದಲಿಸಿದ್ದ.

ಅಷ್ಟರಲ್ಲಿ ಸೀಟಿ ಅಲ್ಲಿನ ಕಿಟಕಿ ಮೇಜು ಹಿಡಿದ. ಹಿಡಿದವನು ಬೀದಿಗೆ ಮುಖ ಮಾಡಿ ಕೂತನೇ? ಇಲ್ಲ. ಗಾಜಿಗೆ, ಅಂದರೆ ನೇರ ಗಂಟುಮುಖನ ಅಂಗಡಿಗೆ, ಬೆನ್ನು ಹಾಕಿ ಕೂತ. ದಿನಾ ಮಧ್ಯಾಹ್ನ ಅದೇ ಬೆನ್ನು. ಚಾಪ್‌ಸ್ಟಿಕ್ಕುಗಳನ್ನು ಕತ್ತರಿಯಂತೆ ಆಡಿಸಿ ಅಕ್ಕಪಕ್ಕದವರನ್ನು ನಗಿಸುವಾಗ ಆ ಭುಜಗಳು ಕುಣಿಯುತ್ತಿದ್ದವು.

"ಕೊಬ್ಬು ನೋಡಿ ಸ್ವಾಮಿ ಅವನಿಗೆ," ಎಂದ ಗಂಟುಮುಖ ಕುರ್ಚಿಯಲ್ಲಿದ್ದ ಗಿರಾಕಿಗೆ.

"ಊಟ ಮಾಡ್ತಿದಾನೆ ಕಣಯ್ಯಾ, ಮಾಡ್ಲಿ ಬಿಡು. ನೀನು ನನ್ನ ಕಿವಿ ನೋಡ್ಕೊಂಡು ಕತ್ತರಿ ಹಾಕು."

ಆ ಹೋಟೆಲಿಗೆ ಕಾಲಿಡುವುದಿಲ್ಲ ಎಂದು ಅವನು ಅಂದೇ ಶಪಥ ಮಾಡಿದ. ಡಬ್ಬಿಯ ತಣ್ಣನೆ ಅನ್ನ ನುಂಗುತ್ತಾ, ಆ ಬೆನ್ನನ್ನು ದುರುಗುಟ್ಟಿ ನೋಡುತ್ತಾ ವರ್ಷಗಳನ್ನೇ ಕಳೆದ.

*

ಮಣ್ಣು ಮಾಡಿ ಬಂದವರನ್ನು ಸೀಟಿಯ ಮಗಳು ನೇರ ಆ ಹೋಟೆಲಿಗೇ ಕರೆತಂದಳು. ಅಪ್ಪನಿಗೆ ಇಷ್ಟವಾದ ಊಟ ಎಲ್ಲರಿಗೂ ಹಾಕಿಸಬೇಕೆಂಬುದು ಅವಳ ಹಟ. ಗಂಟುಮುಖ ಬಾಗಿಲಲ್ಲೇ ತಡವರಿಸಿದ.

"ಬನ್ನಿ ಮಾಮಾ. ಅಪ್ಪನ ಕುರ್ಚಿ ಒಂದೇ ಖಾಲಿ ಇರೋದು. ಯಾರಿಗೂ ಕೂರೋಕೆ ಮನಸ್ಸಾಗ್ತಿಲ್ಲ. ನೀವೇ ಕೂತ್ಕೊಳ್ಳಿ."

ಅವನಿಗೆ ಮನಸ್ಸಾಯಿತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಕೂತಾಗ ಖುಷಿಯೇ ಆಯಿತು. ಕಡೆಗೂ ಸೀಟಿಯ ಜಾಗ ಅವನದಾಗಿತ್ತು. ಆದರೆ ಅಲ್ಲಿ ಇದ್ದದ್ದಾದರೂ ಏನು? ಬೆನ್ನಿಗೆ ಕಿಟಕಿ, ಮುಂದೆ ಕೈಗೆಟುಕುವಷ್ಟು ಹತ್ತಿರ ಅಡುಗೆಮನೆಯ ಅಡ್ಡಗೋಡೆ. ಗೋಡೆಯ ಮೇಲೊಂದು ಕನ್ನಡಿ, ಅದೂ ಆವಿ ಹಿಡಿದು ಮಬ್ಬಾಗಿತ್ತು.

ಹೋಟೆಲಿನಾಕೆ ಬಟ್ಟಲು ತಂದಿಟ್ಟಳು.

"ಇವತ್ತು ಒರೆಸೋರಿಲ್ಲ ನೋಡಿ," ಎಂದಳು. "ಬಂದ ತಕ್ಷಣ ಕನ್ನಡಿ ಒರೆಸ್ತಿದ್ರು, ಆಮೇಲೇ ಊಟ. ಯಾಕೆ ಗೋಡೆ ನೋಡ್ತೀರಿ, ಕಿಟಕಿ ಕಡೆ ತಿರುಗಿ ಕೂತ್ಕೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ. 'ಬೇಡಮ್ಮ, ಹಂಗೆ ಎದುರೆದುರೇ ನೋಡ್ತಾ ಕೂತ್ರೆ ಅವನ ಕೈ ತಪ್ಪುತ್ತೆ' ಅಂತಿದ್ರು. ಯಾರ ಕೈ ಅಂತ ನಾನೂ ಕೇಳ್ಲಿಲ್ಲ."

ಗಂಟುಮುಖ ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಿಯ ಮೇಲೆ ಒಮ್ಮೆ ಎಳೆದ. ರಸ್ತೆಯಾಚೆಯ ಅವನದೇ ಅಂಗಡಿ ಕಂಡಿತು. ಬೆಳಗ್ಗೆ ಅವಸರದಲ್ಲಿ ತೆರೆದೇ ಬಂದಿದ್ದ ಬಾಗಿಲು, ಉರಿಯುತ್ತಲೇ ಇದ್ದ ದೀಪ, ಅದರ ಕೆಳಗೆ ಕುರ್ಚಿ, ಕುರ್ಚಿಯ ಹಿಂದೆ ದಿನಾ ಅವನು ನಿಲ್ಲುವ ಜಾಗ.

ಬಟ್ಟಲಿನ ಆವಿ ಏರಿ ಅದೆಲ್ಲ ಮತ್ತೆ ಮಸುಕಾಯಿತು. ಅವನು ಮತ್ತೆ ಒರೆಸಿದ.