ಇಸ್ತ್ರಿ ನೀರಿನ ಬಾಟಲಿ

ಹೋಟೆಲಿನ ವೇಟರುಗಳ ಬಿಳಿ ಕೋಟುಗಳನ್ನು ಮನೆಯಲ್ಲೇ ಇಸ್ತ್ರಿ ಮಾಡಿಕೊಡುವುದು ನನ್ನ ಕೆಲಸ. ಆವಿ ಬರುವ ಇಸ್ತ್ರಿಪೆಟ್ಟಿಗೆಗೆ ಹಾಕುವ ಶುದ್ಧ ನೀರಿಗೆಂದು ಒಂದು ಲೀಟರಿನ ಬಾಟಲಿ ಬೇರೆಯೇ ಇಟ್ಟಿದ್ದೇನೆ. ಅದರ ಮೈಮೇಲೆ ಕಪ್ಪು ಪೆನ್ನಿನಿಂದ ಹತ್ತು ಗೆರೆ ಎಳೆದಿದ್ದೇನೆ. ಒಂದು ಗೆರೆ ನೀರಿಗೆ ಎರಡು ಕೋಟು. ಮೇಲೆ ‘ಯಾರೂ ಮುಟ್ಟಬೇಡಿ’ ಎಂದು ಬರೆದಿದೆ. ಈ ಮನೆಯಲ್ಲಿ ನಾನು ಹೇಳಿದ್ದರಲ್ಲಿ ಎಲ್ಲರೂ ಪಾಲಿಸುವುದು ಅದೊಂದೇ ಎಂದುಕೊಂಡಿದ್ದೆ.

ಇಸ್ತ್ರಿ ಸೋಮವಾರ ಮತ್ತು ಗುರುವಾರ ಮಾತ್ರ. ಆದರೆ ಆ ಮಂಗಳವಾರ ಮಧ್ಯಾಹ್ನ ಹೋಟೆಲಿನವರು ಹನ್ನೆರಡು ಕೋಟು ಕಳಿಸಿ, ಸಂಜೆಗೇ ಬೇಕೆಂದರು. ಒಲೆಯ ಮೇಲೆ ಹಾಲಿಟ್ಟು ಬಂದು ಪೆಟ್ಟಿಗೆಗೆ ಒಂದು ಗೆರೆ ನೀರು ಸುರಿದೆ. ಮೊದಲ ಕೋಟಿನ ಮೇಲೆ ಒತ್ತುತ್ತಿದ್ದಂತೆ ಎದ್ದ ಆವಿಗೆ ಮೂಗು ಚುರ್ ಎಂದಿತು. ಪ್ಲಗ್ ಕಿತ್ತು ಬಾಟಲಿ ಮೂಸಿದೆ. ಅತ್ತ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು; ಓಡಿ ಆರಿಸಿದೆ.

ಹದಿನೈದರ ನನ್ನ ಮಗಳು ಪರೀಕ್ಷೆ ಮುಗಿಸಿ ಬಂದು ಮುಸುಕು ಹಾಕಿ ಮಲಗಿದ್ದಳು. ಮುಸುಕು ಎಳೆದೆ.

“ಏನೇ ಇದು?”

“ನೀರು.”

“ಹನ್ನೊಂದು ವರ್ಷದಿಂದ ಇಸ್ತ್ರಿ ಮಾಡ್ತಿದ್ದೀನಿ. ನೀರಿನ ವಾಸನೆ ನೀನು ನನಗೆ ಹೇಳಿಕೊಡ್ತೀಯಾ?”

ಅವಳು ಬಾಟಲಿ ನೋಡಿದಳು, ನನ್ನನ್ನು ನೋಡಿದಳು. “ಇವತ್ತು ಮಂಗಳವಾರ ಅಲ್ವಾ?” ಎಂದಳು, ವಾರ ತಪ್ಪಿಸಿದ್ದು ನಾನೇ ಎನ್ನುವ ಹಾಗೆ.

ಒಂದೊಂದಾಗಿ ಕೇಳಿ ಕೇಳಿ ಹೊರಗೆಳೆಯಬೇಕಾಯಿತು. ಅದು ವೋಡ್ಕಾ. ಗುಬ್ಬಿ ಅವರಪ್ಪನ ಬೀರುವಿನಿಂದ ತಂದದ್ದು. ಗುಬ್ಬಿ ಎಂದರೆ ಕೆಳಗಿನ ಮನೆಯ ಹುಡುಗಿ, ಇವಳ ತರಗತಿಯವಳೇ, ಒದ್ದೆ ಬಟ್ಟೆಯಲ್ಲಿ ತೂಗಿದರೂ ನಲವತ್ತು ಕಿಲೋ ದಾಟುವುದಿಲ್ಲ. ಪರೀಕ್ಷೆ ಮುಗಿಸಿ ಬಂದವರು, ನಾನು ಅಂಗಡಿಗೆ ಹೋಗಿದ್ದಾಗ, ಇಬ್ಬರೂ ಸೇರಿ ನನ್ನ ನೀರು ಚೆಲ್ಲಿ ಇದನ್ನು ತುಂಬಿ ಕುಡಿದಿದ್ದರು. ಯಾರೂ ಮುಟ್ಟದ ಬಾಟಲಿ, ಗುರುವಾರದೊಳಗೆ ತೊಳೆದಿಟ್ಟರಾಯಿತು. ಇಷ್ಟು ಬುದ್ಧಿಯನ್ನು ಗಣಿತಕ್ಕೆ ಖರ್ಚು ಮಾಡಬಾರದಿತ್ತೇ?

“ಅವಳೆಲ್ಲಿ ಈಗ?”

“ಅವರ ಮನೇಲಿ ಮಲಗಿದ್ದಾಳೆ ಬಿಡಮ್ಮ. ಅವಳಿಗೆ ಸ್ವಲ್ಪ ಜಾಸ್ತಿ ಆಯ್ತು. ನಿದ್ದೆ ಮಾಡಿದ್ರೆ ಇಳಿಯುತ್ತೆ. ಆಂಟಿಗೆ ಹೇಳಬೇಡ, ಮಾತು ಕೊಟ್ಟಿದ್ದೀನಿ.”

ಪಾತ್ರೆ ತೊಳೆಯುತ್ತೇನೆಂದು ನನಗೆ ಕೊಟ್ಟ ಮಾತು ಸಿಂಕಿನಲ್ಲೇ ಬಿದ್ದಿತ್ತು. ಅದನ್ನು ಹೇಳುತ್ತಾ ನಿಲ್ಲುವ ಹೊತ್ತಲ್ಲ. ಮೆಟ್ಟಿಲಿಳಿದು ಓಡಿದೆ.

ಬಾಗಿಲು ತೆರೆದೇ ಇತ್ತು; ಮನೆಯಲ್ಲಿ ಗುಬ್ಬಿ ಒಬ್ಬಳೇ ಅಂಗಾತ ಬಿದ್ದಿದ್ದಳು. ಕೆನ್ನೆ ತಟ್ಟಿದೆ, ಕಿವಿ ಹಿಂಡಿದೆ, ಕೂಗಿದೆ, ಏಳಲಿಲ್ಲ. ಕೈ ತಣ್ಣಗಿತ್ತು, ತುಟಿ ನೀಲಿಗಟ್ಟಿತ್ತು. ಒಂದು ಉಸಿರು ಹೋಗಿ ಇನ್ನೊಂದು ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ವಾಂತಿಯಾದರೆ ಗಂಟಲಿಗೆ ಸಿಕ್ಕದಿರಲೆಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಆಮೇಲೆ ಅವಳಮ್ಮನಿಗೆ, ನೇರ ಆಸ್ಪತ್ರೆಗೆ ಬನ್ನಿ ಎಂದೆ.

“ಗಟ್ಟಿ ಕಾಫಿ ಕುಡಿಸಿದ್ರೆ ಇಳಿಯುತ್ತಂತೆ,” ಎಂದಳು ಬಾಗಿಲಲ್ಲಿ ನಿಂತ ನನ್ನ ಮಗಳು.

“ಎಚ್ಚರ ಇಲ್ಲದವಳ ಬಾಯಿಗೆ ಹುಯ್ದರೆ ಅದು ಎದೆಗೂಡಿಗೆ ಇಳಿಯುತ್ತೆ ಕಣೇ. ನಿನ್ನ ವೈದ್ಯ ಸಾಕು. ಹೋಗಿ ಆ ಬಾಟಲಿ ತಗೊಂಡು ಬಾ.”

ಆಸ್ಪತ್ರೆಯಲ್ಲಿ ಗುಬ್ಬಿಯನ್ನು ಒಳಗೆ ಸಾಗಿಸಿದ ಡಾಕ್ಟರಮ್ಮ ಮರುಕ್ಷಣವೇ ಹೊರಗೆ ಬಂದರು. “ಎಷ್ಟು ಕುಡಿದಿದ್ದಾಳೆ?”

“ಸ್ವಲ್ಪ,” ಎಂದಳು ಮಗಳು.

“ಸ್ವಲ್ಪ ಅಂದ್ರೆ?”

“ಒಂಚೂರು.”

“ಒಂಚೂರಿಗೆ ಹೀಗಾಗಲ್ಲಮ್ಮ. ಸರಿಯಾಗಿ ಹೇಳಿದ್ರೆ ನನ್ನ ಕೆಲಸ ಬೇಗ ಆಗುತ್ತೆ.”

ಸ್ವಲ್ಪ, ಒಂಚೂರು; ಇನ್ನು ಚೂರುಪಾರು ಒಂದು ಬಾಕಿ. ಬೈದದ್ದು ಸಾಕೆನಿಸಿತು. ಅವಳ ಕೈ ಹಿಡಿದುಕೊಂಡೆ. “ನಾನು ಕೇಳೋ ಹಾಗೆ ಹೇಳೋದು ಕಷ್ಟ ಆದ್ರೆ ಆಚೆ ಹೋಗ್ತೀನಿ, ಪುಟ್ಟಾ. ಅವರಿಗೆ ಹೇಳು.”

ಅವಳು ನನ್ನ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಚೀಲದೊಳಗಿನ ಬಾಟಲಿ ತೆಗೆದಳು.

“ಆರನೇ ಗೆರೆವರೆಗೆ ಇತ್ತು. ಈಗ ಒಂದು ಗೆರೆ ಉಳಿದಿದೆ. ಅಮ್ಮ ಇಸ್ತ್ರಿಗೆ ಒಂದು ಹಾಕಿದ್ದಾರೆ. ನಾನು ಒಂದು. ಮೂರು ಅವಳು. ಅರ್ಧ ಗಂಟೇಲಿ.” ಬಾಟಲಿಯನ್ನು ಅವರತ್ತ ಚಾಚಿದಳು. “ಕುಡಿಯೋಕಾಗಲ್ಲ ನಿನಗೆ ಅಂತ ನಾನೇ ಛೇಡಿಸಿದ್ದು.”

ಡಾಕ್ಟರಮ್ಮ ಬೈಯಲಿಲ್ಲ. ಗೆರೆ ಎಣಿಸಿ, ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಒಳಗೆ ಓಡಿದರು. ಒಂದೂವರೆ ತಾಸಾದ ಮೇಲೆ ಬಂದು, ಉಸಿರು ಹಿಡಿತಕ್ಕೆ ಬಂದಿದೆ, ನಾಳೆವರೆಗೆ ಕಣ್ಣಿಟ್ಟಿರಬೇಕು ಎಂದರು.

ಅಷ್ಟರಲ್ಲಿ ಹೋಟೆಲಿನವರು ಮೂರು ಸಲ ಫೋನ್ ಮಾಡಿದ್ದರು. ನಾಲ್ಕನೆಯ ಸಲ ಎತ್ತಿ, ವೇಟರುಗಳು ಇವತ್ತು ಸುಕ್ಕಾಗಿಯೇ ಓಡಾಡಲಿ ಎಂದು ಇಟ್ಟೆ.

ಗುಬ್ಬಿಯ ಅಮ್ಮ ಡ್ಯೂಟಿಯ ಸಮವಸ್ತ್ರದಲ್ಲೇ, ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡೇ, ಕಾರಿಡಾರಿನ ಕೊನೆಯಲ್ಲಿ ಕಾಣಿಸಿದರು.

“ನೀನೇ ಹೇಳಮ್ಮ,” ಎಂದಳು ಮಗಳು ನನ್ನ ಸೆರಗಿನ ಹಿಂದೆ ಸರಿಯುತ್ತಾ.

“ನಾನು ಪಕ್ಕದಲ್ಲಿರ್ತೀನಿ. ಮಾತು ನಿಂದು.”

ಅವಳು ಬಾಟಲಿ ಎದೆಗೊತ್ತಿಕೊಂಡು ಮುಂದೆ ಹೋದಳು. “ಆಂಟಿ, ಅವಳು ಈಗ ಉಸಿರಾಡ್ತಿದ್ದಾಳೆ,” ಎಂದು ಶುರುಮಾಡಿದಳು.