ಸೋಫಾದ ಮೇಲಿನ ರೋಗಿ

ಕುಕ್ಕರಿನ ತಳ ಉಜ್ಜುತ್ತಿದ್ದ ಸೊಸೆಗೆ ನಡುಮನೆಯಿಂದ ನರಳಾಟ ಕೇಳಿಸಿತು. ಅವಳೇನೂ ಗಾಬರಿಯಾಗಲಿಲ್ಲ. ಉಳಿದ ಲೋಟಗಳನ್ನೂ ತೊಳೆದಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು ಹೋದಳು. ಸೋಫಾದ ಮೇಲೆ ಅತ್ತೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

"ನಮಸ್ಕಾರ, ಇವತ್ತು ನಿಮ್ಮನ್ನ ನೋಡೋ ಡಾಕ್ಟರು ನಾನು. ನಿಮ್ಮ ವಯಸ್ಸೆಷ್ಟು?"

"ಮೂವತ್ತೆರಡು."

"ಅತ್ತೆ!"

"ನಾಟಕ ತಾನೇ? ನನಗಿಷ್ಟ ಬಂದಿದ್ದು ಹೇಳ್ತೀನಿ."

ಅಡಿಗೆಮನೆಯ ಟೈಮರ್ ಹಿಡಿದು ಪರೀಕ್ಷಕನಾಗಿ ಕೂತಿದ್ದ ಗಂಡ ಮುಖ ತಿರುಗಿಸಿಕೊಂಡು ನಕ್ಕ.

ತನ್ನ ದೇಶದಲ್ಲಿ ಅವಳು ವರ್ಷಗಟ್ಟಲೆ ಡಾಕ್ಟರಾಗಿದ್ದವಳು. ಇಲ್ಲಿಗೆ ಬಂದ ಮೇಲೆ ಆ ಡಿಗ್ರಿ ಗೋಡೆಯ ಅಲಂಕಾರಕ್ಕಷ್ಟೇ ಉಳಿಯಿತು. ಲೈಸೆನ್ಸಿಗೆಂದು ಬರೆದ ಪರೀಕ್ಷೆ ನೀರು ಕುಡಿದಷ್ಟು ಸಲೀಸಾಗಿ ಮುಗಿದಿತ್ತು. ಮುಗ್ಗರಿಸಿದ್ದು ಆಮೇಲಿನ ಪ್ರಾಯೋಗಿಕ ಪರೀಕ್ಷೆಯಲ್ಲಿ, ರೋಗಿಯ ವೇಷದ ನಟರ ಮುಂದೆ. ಮೊದಲ ಸಲ, ಮುಟ್ಟಲೇ ಎಂದು ಕೇಳದೆಯೇ ಹೊಟ್ಟೆ ಒತ್ತಿದಳು. ಎರಡನೇ ಸಲ, ನಟ ಬಗ್ಗಿಕೊಂಡು ಬಾಗಿಲಲ್ಲಿ ಕಾಣಿಸುತ್ತಲೇ, "ಅಪೆಂಡಿಕ್ಸು, ಆಪರೇಷನ್ ಆಗ್ಬೇಕು" ಅಂದುಬಿಟ್ಟು, ಉಳಿದ ಹೊತ್ತೆಲ್ಲ ಅವನ ಮುಖ ನೋಡುತ್ತ ಕೂತಳು. ಹೇಳಿದ ರೋಗ ಸರಿಯಾಗಿತ್ತು, ಅಂಕ ಬರಲಿಲ್ಲ. ಹಿಂದಿನ ಆಸ್ಪತ್ರೆಯಲ್ಲಿ ಬಾಗಿಲಾಚೆಗೂ ಜನ ಸಾಲುಗಟ್ಟಿರುತ್ತಿದ್ದರು; ಮಾತಿಗೆ ಪುರುಸೊತ್ತೆಲ್ಲಿತ್ತು? ನಾಳೆಯದು ಕೊನೆಯ ಅವಕಾಶ. ಅದೂ ಕೈತಪ್ಪಿದರೆ ಮತ್ತೆ ಅ ಆ ಇ ಈಯಿಂದ. ಅದಕ್ಕೇ ಮನೆಯಲ್ಲಿ ದಿನಾ ಈ ತಾಲೀಮು.

"ಮುಟ್ಟಿ ನೋಡ್ಲಾ?"

"ನೋಡಮ್ಮ. ಮಂಡೀನೂ ನೋವು, ಎದೇಲೂ ಚಳುಕು, ಕಿವೀಲಿ ಗುಂಯ್ ಅನ್ನತ್ತೆ..."

"ಅಮ್ಮಾ, ಒಂದು ಸಲಕ್ಕೆ ಒಂದೇ ರೋಗ!" ಎಂದ ಗಂಡ.

"ನಿನ್ನನ್ನ ಕೇಳಿದ್ನಾ? ಗಡಿಯಾರ ನೋಡ್ಕೋ."

ಸೊಸೆ ಎಲ್ಲ ಮುಗಿಸಿ ಎದ್ದಳು. ಗಂಡ ಬೆರಳೆತ್ತಿದ. "ಕೊನೇ ಪ್ರಶ್ನೆ ನುಂಗಿದೆ. ದಿನಾ ಅದನ್ನೇ ನುಂಗ್ತೀಯ."

ಆ ಪ್ರಶ್ನೆ ಅವಳಿಗೆ ಶುದ್ಧ ದಂಡ ಅನಿಸುತ್ತಿತ್ತು. ಆದರೂ ಅಂಕವಿದೆಯಲ್ಲ ಎಂದು ಕೂತು ಕೇಳಿದಳು: "ನಿಮಗೆ ಬೇರೆ ಏನಾದ್ರೂ ಚಿಂತೆ ಇದೆಯಾ?"

ಅತ್ತೆಯ ನರಳಾಟ ನಿಂತಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು.

"ನೀನು ಪಾಸಾಗಿ ಆಸ್ಪತ್ರೆಗೆ ಹೋಗ್ತೀಯ. ಆಮೇಲೆ ಇದೆಲ್ಲ ನನ್ನನ್ನ ಕೇಳೋರು ಯಾರು?"

ಟೈಮರ್ ಟಿಕ್ ಟಿಕ್ ಅನ್ನುತ್ತಿತ್ತು. ಅತ್ತೆ ತಟ್ಟನೆ ನಕ್ಕರು. "ಹೇಗಿತ್ತು ನನ್ನ ಆಕ್ಟಿಂಗು?"

"ಅದು ಸಿಲಬಸ್‌ನಲ್ಲೇ ಇಲ್ವಲ್ಲಮ್ಮ!" ಎಂದ ಗಂಡ.

ಸೊಸೆ ಮಾತ್ರ ನಗಲಿಲ್ಲ. ಬಾಗಿಲಿನಿಂದಲೇ ರೋಗ ಹಿಡಿಯುವ ತನ್ನ ಕಣ್ಣಿಗೆ, ದಿನವೂ ಇದೇ ಸೋಫಾದಲ್ಲಿ ಮಲಗಿದ್ದ ಈ ಚಿಂತೆ ಬಿದ್ದಿರಲಿಲ್ಲ. ನಾಳೆ ಆ ನಟನನ್ನೂ ಇದೇ ಪ್ರಶ್ನೆ ಕೇಳುತ್ತೇನೆ, ಅಂಕಕ್ಕಲ್ಲ, ಉತ್ತರಕ್ಕೆ. ಪಾಸೋ ಫೇಲೋ, ಸಂಜೆಯಾದರೆ ಈ ಸೋಫಾದ ಪಕ್ಕಕ್ಕೆ ಬಂದೇ ಬರುತ್ತೇನೆ. ಹೀಗೆಂದು ಮನಸ್ಸಿನಲ್ಲೇ ಅಂದುಕೊಂಡಳು.

ಟೈಮರ್ ಕಿರುಚಿತು. ಅತ್ತೆ ಏಳಲು ಹೊರಟರು.

"ಮಲಕ್ಕೊಳ್ಳಿ ಅತ್ತೆ," ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ಮಂಡಿ ಯಾವಾಗಿಂದ ನೋವು?"