ಶೀತಕೋಣೆಯ ಕಣ್ಣು

ಕೊಲ್ಲಿ ದೇಶದ ಸಲ್ಮಾಬಾದಿನ ಗೋದಾಮೊಂದರಲ್ಲಿ ಉಷಾಲತಾ ಬಹಳ ವರ್ಷಗಳಿಂದ ದಾಸ್ತಾನು ನೋಡಿಕೊಳ್ಳುತ್ತಿದ್ದಳು. 2017ರ ಬೇಸಿಗೆಯಲ್ಲಿ ಮಾಲೀಕರು ಮೀನು, ಕೋಳಿ ಇಡುವ ಶೀತಕೋಣೆಗೆ ತಾನಾಗಿಯೇ ತೆರೆದು ಮುಚ್ಚುವ ಬಾಗಿಲು ಹಾಕಿಸಿದರು. ಹಾಕಿದವನು ಉಡುಪಿ ಕಡೆಯ ಎಂಜಿನಿಯರ್ ಪ್ರೀತಮ್. ಮುಂದಿನ ಕಾಲದ ಯಂತ್ರಗಳ ಮಾತು ತೆಗೆದರೆ ಅವನಿಗೆ ಊಟ ತಿಂಡಿಯ ನೆನಪೂ ಇರುತ್ತಿರಲಿಲ್ಲ.

"ಐದೇ ವರ್ಷ ಉಷಕ್ಕ, ನೋಡ್ತಾ ಇರಿ. ಈ ಗೋದಾಮಿಗೆ ಮನುಷ್ಯರೇ ಬೇಡ. ಲಾರಿ ತಾನೇ ಬರ್ತದೆ, ಮೆಷಿನ್ ಮಾಲು ಇಳಿಸ್ತದೆ."

"ಮತ್ತೆ ನಾನು ಎಂತ ಮಾಡುವುದು ಮಾರಾಯ?"

"ನೀವು ಮಾಹೂಝ್‌ನ ನಿಮ್ಮ ಮನೆಯಲ್ಲಿ ಕೂತು ಫೋನಲ್ಲಿ ನೋಡಿದ್ರೆ ಸಾಕು."

ಅವಳು ನಕ್ಕಳು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಕೆಲಸ ಹೋದರೆ ವೀಸಾ ಹೋಯಿತು. ಮಗಳು ತೃಷಾಳ ಶಾಲೆಯೂ ಹೋಯಿತು. ಅವನು ಹೇಳಿದ್ದೆಲ್ಲ ನಿಜವಾಗಿಬಿಟ್ಟರೆ ಎಂಬುದೇ ಅವಳ ಭಯವಾಗಿತ್ತು. ನಿಜವಾಗದೆ ಹೋದರೆ ಏನಾದೀತು ಎಂದು ಅವಳು ಯೋಚಿಸಿರಲೇ ಇಲ್ಲ.

ಬಾಗಿಲಿನ ಒಳಬದಿಯಲ್ಲಿದ್ದ ಹಳೆಯ ಹಿಡಿಯನ್ನು ಪ್ರೀತಮ್ ಕಿತ್ತು ಹಾಕಿಸಿದ್ದ. ಬದಲಿಗೆ ಮೂಲೆಯಲ್ಲಿ, ಮೇಲೆ, ಒಂದು ಕಪ್ಪು ಗಾಜಿನ ಕಣ್ಣು. ಅದು ಮೈಯ ಬಿಸಿ ಗುರುತಿಸುತ್ತದೆ, ಒಳಗೆ ಒಬ್ಬರಿದ್ದರೂ ಬಾಗಿಲು ಮುಚ್ಚುವುದಿಲ್ಲ, ಮುಚ್ಚಿದ್ದರೂ ತೆರೆದುಕೊಳ್ಳುತ್ತದೆ ಎಂದಿದ್ದ.

ಒಂದು ಗುರುವಾರ ಮಧ್ಯಾಹ್ನ, ಶುಕ್ರವಾರ ಶನಿವಾರದ ವಾರದ ರಜೆಗೆಂದು ಎಲ್ಲರೂ ಹೊರಟಿದ್ದರು. ಬಂಗುಡೆಯ ಪೆಟ್ಟಿಗೆಗಳನ್ನು ಕೊನೆಯ ಬಾರಿ ನೋಡಿಬರೋಣವೆಂದು ಉಷಾಲತಾ ದಪ್ಪ ಜಾಕೆಟ್ಟು ತೊಟ್ಟು, ಫೋನು ಮೇಜಿನ ಮೇಲೆ ಬಿಟ್ಟು ಒಳಗೆ ಹೋದಳು. ಹಿಂದಿನ ಸಾಲಿನಲ್ಲಿ ಬಗ್ಗಿದ್ದಾಗ ಬಾಗಿಲು ಜಾರುವ ಸದ್ದು ಕೇಳಿತು. ಓಡಿ ಬರುವಷ್ಟರಲ್ಲಿ ಮುಚ್ಚಿಯೇ ಹೋಯಿತು. ದೀಪ ಆರಿತು.

"ಯಾರಾದ್ರೂ ಇದ್ದೀರಾ? ಬಾಗಿಲು ತೆಗೀರಿ!"

ಕೂಗು ದಪ್ಪ ಗೋಡೆಗಳಲ್ಲೇ ಉಳಿಯಿತು. ಇನ್ನು ಯಾರಾದರೂ ಬರುವುದು ಭಾನುವಾರ ಬೆಳಿಗ್ಗೆ. ಹೊರಗೆ ಡಾಂಬರು ಕರಗುವ ಬಿಸಿಲು. ಇಲ್ಲಿ ಉಸಿರೆಳೆದರೆ ಮೂಗು ಉರಿಯುತ್ತಿತ್ತು. ಬಾಗಿಲಿಗೆ ಗುದ್ದಿ ಗುದ್ದಿ ಕೈ ಮರಗಟ್ಟಿತು.

ಕತ್ತಲೆಯಲ್ಲಿ ಆ ಕಣ್ಣಿನ ಪಕ್ಕದ ಕೆಂಪು ಚುಕ್ಕಿ ಮಾತ್ರ ಕಾಣುತ್ತಿತ್ತು. ಆಗ ಅವಳಿಗೆ ಹೊಳೆಯಿತು: ಜಾಕೆಟ್ಟು ಮೈಯ ಬಿಸಿಯನ್ನು ಒಳಗೇ ಹಿಡಿದಿಟ್ಟಿದೆ, ಯಂತ್ರಕ್ಕೆ ತಾನು ಕಾಣುತ್ತಿಲ್ಲ. ಕಾಣಬೇಕಾದರೆ ಅದನ್ನು ಬಿಚ್ಚಬೇಕು. ಬಿಚ್ಚಿದ ಮೇಲೂ ಕಾಣದಿದ್ದರೆ? ಆದರೂ ಅವಳು ಜಿಪ್ಪು ಎಳೆದಳು.

ಚಳಿ ಮೈಗೆ ಸೂಜಿಯಂತೆ ನಾಟಿತು. ಎರಡೂ ಕೈ ಎತ್ತಿ ಬೀಸಿದಳು, ಕುಣಿದಳು, ಅತ್ತಳು. ಕೆಂಪು ಚುಕ್ಕಿ ಹಾಗೆಯೇ ಇತ್ತು.

ಜಾಕೆಟ್ಟನ್ನು ಮತ್ತೆ ಹೊದ್ದು, ತಡಕಾಡುತ್ತಾ ಕೋಳಿಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿದಳು. ಕಾಲು ಜಾರಿತು, ಮೊಣಕಾಲು ತರಚಿತು. ಮತ್ತೆ ಹತ್ತಿದಳು. ಬೆರಳಿಗೆ ಗಾಜು ಸಿಗಲಿಲ್ಲ. ಸಿಕ್ಕಿದ್ದು ಒರಟಾದ ಮಂಜಿನ ಪದರ. ಕಣ್ಣಿಗೆ ಪೂರ್ತಿ ಪೊರೆ ಬಂದಿತ್ತು! ಕೊರಳಲ್ಲಿ ನೇತಾಡುತ್ತಿದ್ದ ಸಿಪಿಆರ್ ಗುರುತಿನ ಕಾರ್ಡಿನ ಅಂಚಿನಿಂದ ಕೆರೆದಳು. ಬೆರಳುಗಳಿಗೆ ಕಾರ್ಡು ಹಿಡಿದ ಅರಿವೇ ಇರಲಿಲ್ಲ. "ನೋಡು, ನಾನಿದ್ದೇನೆ, ನೋಡು" ಎನ್ನುತ್ತಾ ಕೆನ್ನೆಯನ್ನು ಗಾಜಿನ ಎದುರಿಗೆ ಹಿಡಿದಳು.

ಚುಕ್ಕಿ ಹಸಿರಾಯಿತು. ಬಾಗಿಲು, ಏನೂ ಆಗಿಲ್ಲವೆಂಬಂತೆ, ಮೆಲ್ಲಗೆ ಜಾರಿ ತೆರೆಯಿತು.

ಫೋನು ಮಾಡಿದ ಕೂಡಲೇ ಹೂರಾದ ತನ್ನ ಮನೆಯಿಂದ ಪ್ರೀತಮ್ ಓಡಿ ಬಂದ. ಅವಳು ಬಿಸಿಲಲ್ಲಿ, ಮೆಟ್ಟಿಲ ಮೇಲೆ, ಜಾಕೆಟ್ಟು ಹೊದ್ದೇ ನಡುಗುತ್ತಾ ಕೂತಿದ್ದಳು. ಎಲ್ಲ ಕೇಳಿ ಅವನ ಮುಖ ಬಿಳಿಚಿತು.

"ಮಂಜು ಕಟ್ಟುವ ವಿಷಯ ನಮಗೆ ತಲೆಗೇ ಹೋಗ್ಲಿಲ್ಲ ಉಷಕ್ಕ."

"ಫ್ರೀಝರಲ್ಲಿ ಮಂಜು ಕಟ್ಟದೆ ಮತ್ತೆಂತ ಕಟ್ತದೆ? ಐದು ವರ್ಷದ ಆಚೆಗಿನದ್ದೆಲ್ಲ ನಿಂಗೆ ಕಾಣ್ತದೆ!"

ಕಣ್ಣನ್ನು ಪರೀಕ್ಷಿಸಲು ಟಾರ್ಚು ಹಿಡಿದು ಹೊರಟವನು ಹೊಸ್ತಿಲಲ್ಲೇ ನಿಂತ.

"ನೀವು... ಸ್ವಲ್ಪ ಇಲ್ಲೇ ಇರ್ತೀರಲ್ಲ?"

ಉಷಾಲತಾ ಎದ್ದಳು. ಖಾಲಿ ಟ್ರಾಲಿಯೊಂದನ್ನು ಬಾಗಿಲಿಗೆ ಅಡ್ಡ ತಳ್ಳಿ, ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದು, "ಹೋಗು, ಬೇಗ ಬಾ" ಎಂದಳು. ಅವನು ಹೊರಗೆ ಬರುವವರೆಗೂ ಅವಳು ಟ್ರಾಲಿಯಿಂದ ಕೈ ತೆಗೆಯಲಿಲ್ಲ.